ಅಪ್‌ಡೇಟ್: ಮೊರಾಕೊಗೆ ಒಬ್ಬಳೇ ಹೋಗಿ ಬಂದೆ

ಟೂರ್ ಪ್ಯಾಕೇಜ್ ಇಲ್ಲದೆ ಮೊದಲ ಸಲ ಮೊರಾಕೊಗೆ ಹೊರಟಿದ್ದೇನೆ, 10 ದಿನದಲ್ಲಿ ಐದು ಊರು ನೋಡಬಹುದಾ, ಸಸ್ಯಾಹಾರಿಗೆ ಊಟ ಸಿಗುತ್ತಾ ಅಂತ ಕೇಳಿದ್ದೆ. ‘ಎರಡು ಊರು ಬಿಟ್ಟುಬಿಡಿ’ ಅಂದವರಿಗೆ ಮೊದಲ ಥ್ಯಾಂಕ್ಸ್.

ಮರಳುಗಾಡು ಕೈಬಿಟ್ಟೆ, ಸ್ವಲ್ಪ ಹೊಟ್ಟೆ ಉರಿಯಿತು ನಿಜ. ಮರ್ರಾಕೇಶ್, ಫೆಸ್, ಶೆಫ್‌ಶಾವೆನ್ ಮೂರೇ ನೋಡಿದೆ. ಮರ್ರಾಕೇಶ್‌ನಿಂದ ಫೆಸ್‌ಗೆ ರೈಲಿನಲ್ಲೇ ಹತ್ತಿರ ಹತ್ತಿರ 7 ಗಂಟೆ. ಮನೆಗಳಿಗೆ ನೀಲಿ ಬಣ್ಣ ಬಳಿದಿರುವ ಊರು ಶೆಫ್‌ಶಾವೆನ್‌ಗೆ ರೈಲೇ ಇಲ್ಲ, ಬಸ್ಸೇ ಗತಿ. ಐದು ಊರು ಅಂದಿದ್ದರೆ ಸೀಟಿನಲ್ಲೇ ರಜೆ ಮುಗಿಯುತ್ತಿತ್ತು.

ಫೆಸ್‌ನ ಹಳೇ ಊರಿನ ಗಲ್ಲಿಗಳಿಗೆ ಕಾರು ಬರಲ್ಲ. ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ. ಹಿಂದಿನಿಂದ ‘ಬಾಲಕ್’ ಅಂತ ಕೂಗು ಕೇಳಿದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ನಮ್ಮ ಬಾಲಕ ಅಲ್ಲ, ‘ದಾರಿ ಬಿಡಿ’ ಅಂತ ಅರ್ಥ! ಅಲ್ಲೇ ನಾನು ಮೋಸ ಹೋಗಿದ್ದೂ. ‘ಈ ದಾರಿ ಬಂದ್’ ಅಂದ ಹುಡುಗನೊಬ್ಬ ಸುಮ್ನೆ ಸುತ್ತಾಡಿಸಿ 100 ದಿರ್ಹಮ್ (ಅಲ್ಲಿನ ಹಣ) ಕೇಳಿದ. 20 ಕೊಟ್ಟು ನಡೆದೆ. ನೀವು ಮೊದಲೇ ಎಚ್ಚರಿಸಿದ್ದಿರಿ, ಅಲ್ವಾ?

ಊಟಕ್ಕೆ ತೊಂದರೆಯಾಗಲಿಲ್ಲ. ಆದರೆ ತರಕಾರಿ ತಾಜಿನ್ (ಮಣ್ಣಿನ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸುವ ಅಡುಗೆ), ಕುಸ್ಕುಸ್ (ಗೋಧಿ ರವೆಯ ಸಣ್ಣ ಕಾಳಿನ ಅಡುಗೆ) ಮಾಂಸದ ಸಾರಿನಲ್ಲೇ ಬೆಂದಿರಬಹುದು, ಕೇಳಲೇಬೇಕು. ನನ್ನನ್ನು ಕಾಪಾಡಿದ್ದು ಬಿಸ್ಸಾರಾ. ಒಣಗಿಸಿದ ಬಾಕಲಾ (ಫಾವಾ ಬೀನ್ಸ್) ಕಾಳಿನ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಜೊತೆಗೆ ಬಿಸಿ ರೊಟ್ಟಿ.

ಉಳಿದ ದಿರ್ಹಮ್ ಏರ್‌ಪೋರ್ಟ್‌ನಲ್ಲೇ ಬದಲಾಯಿಸಿಕೊಳ್ಳಿ, ಹೊರಗೆ ಒಯ್ಯಲು ಮಿತಿ ಇದೆ. ಮರಳುಗಾಡಿಗೆ ಯಾವ ತಿಂಗಳು ಒಳ್ಳೆಯದು? ಮತ್ತೆ ಹೋಗುವವಳೇ.