ಗೇರುಬೀಜದ ಸೀಸನ್‌ಗೆ ಐವರಿ ಕೋಸ್ಟ್‌ಗೆ ಹೋಗಿ ಬಂದವರು ಇದ್ದೀರಾ? ತಮ್ಮನಿಗೆ ಸಲಹೆ ಬೇಕು

ಪುತ್ತೂರಿನಿಂದ ಪ್ರಶ್ನೆ

ನಮಸ್ಕಾರ. ನನ್ನ ತಮ್ಮ ಏಳು ವರ್ಷದಿಂದ ಇಲ್ಲೇ ಗೇರುಬೀಜದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದಾನೆ. ಈಗ ಒಬ್ಬ ವ್ಯಾಪಾರಿ ಫೆಬ್ರವರಿಯಿಂದ ಜೂನ್‌ವರೆಗೆ ಐವರಿ ಕೋಸ್ಟ್‌ನಲ್ಲಿ ಬೀಜ ಕೊಳ್ಳುವ ಕೆಲಸಕ್ಕೆ ಕರೆದಿದ್ದಾರೆ. ಬೇಕಾದರೆ ಬೆನಿನ್‌ಗೋ ಗಿನಿ ಬಿಸಾವ್‌ಗೋ ಕಳಿಸಬಹುದು ಅಂತಲೂ ಹೇಳಿದ್ದಾರೆ. ಅಮ್ಮ ಟಿವಿಯಲ್ಲಿ ಮಾಲಿ, ನೈಜರ್ ಸುದ್ದಿ ನೋಡಿ ಊಟ ಬಿಟ್ಟಿದ್ದಾರೆ. ಅಲ್ಲಿ ಪರಿಸ್ಥಿತಿ ಹೇಗೆ? ಸಂಬಳ ಯಾವ ದುಡ್ಡಿನಲ್ಲಿ ಕೇಳಬೇಕು? ಭಾಷೆ, ಊಟ? ಹೋಗಿ ಬಂದವರು ದಯವಿಟ್ಟು ಹೇಳಿ.

ಐವರಿ ಕೋಸ್ಟ್‌ನ ಬುವಾಕೆಯಲ್ಲಿ ಐದು ಸೀಸನ್ ಇದ್ದವನು, ಈಗ ಕಾರ್ಕಳ

ಅಕ್ಕಾ, ಮೊದಲು ಅಮ್ಮನಿಗೆ ಊಟ ಮಾಡಲು ಹೇಳಿ. ಟಿವಿಯವರು ತೋರಿಸಿದ್ದು ಸುಳ್ಳಲ್ಲ, ಆದರೆ ಅದು ಪಕ್ಕದ ಮನೆಯ ಜಗಳ. ಮಾಲಿಯಲ್ಲಿ 2020 ಮತ್ತು 2021ರಲ್ಲಿ, ಬುರ್ಕಿನಾ ಫಾಸೋದಲ್ಲಿ 2022ರಲ್ಲೇ ಎರಡು ಸಲ, ನೈಜರ್‌ನಲ್ಲಿ 2023ರಲ್ಲಿ ಸೇನೆಯವರು ಅಧಿಕಾರ ಕಿತ್ತುಕೊಂಡರು. ಮೂರೂ ಸಮುದ್ರವೇ ಕಾಣದ ಒಳನಾಡಿನ ದೇಶಗಳು, ಸಹಾರಾದ ಅಂಚು. 2025ರ ಜನವರಿಯಲ್ಲಿ ಎಕೊವಾಸ್ ಅನ್ನುವ ಪಶ್ಚಿಮ ಆಫ್ರಿಕಾದ ಒಕ್ಕೂಟವನ್ನೂ ಬಿಟ್ಟು ಹೊರಬಂದವು. ಐವರಿ ಕೋಸ್ಟ್ ಇರುವುದು ಕೆಳಗೆ, ಕರಾವಳಿಯಲ್ಲಿ. ಹಾಗಂತ ಪೂರ್ತಿ ನಿಶ್ಚಿಂತೆಯೂ ಅಲ್ಲ. ಅದರ ಉತ್ತರದ ಗಡಿ ಮಾಲಿಗೂ ಬುರ್ಕಿನಾಕ್ಕೂ ತಾಗಿಕೊಂಡೇ ಇದೆ. ಅದಕ್ಕೇ ಯಾವ ದೇಶ ಅಂತ ಕೇಳಬೇಡಿ, ಯಾವ ಊರು ಅಂತ ಕೇಳಿ. ಗಡಿಯ ಹತ್ತಿರದ ಊರಾದರೆ ನಾನಂತೂ ಬೇಡ ಅಂತೇನೆ.

ಅಲ್ಲಿನ ನೆಲ ಪಟ್ಟಿ ಪಟ್ಟಿಯಾಗಿದೆ. ಸಮುದ್ರದ ಬದಿಗೆ ಕಾಡು ಮತ್ತು ಕೋಕೋ ತೋಟ. ಪ್ರಪಂಚದ ಕೋಕೋದಲ್ಲಿ ಸುಮಾರು 40% ಅಲ್ಲಿಯದೇ. ಮೇಲೆ ಹೋದ ಹಾಗೆ ಮರ ತೆಳುವಾಗಿ ಹುಲ್ಲುಗಾವಲು ಸಿಗುತ್ತದೆ, ಅಲ್ಲಿ ಹತ್ತಿ, ಗೇರು. ಈ ಪಟ್ಟಿಗಳು ಅಡ್ಡಕ್ಕಿವೆ. ಯುರೋಪಿನವರು ಗಡಿ ಎಳೆದದ್ದು ಉದ್ದಕ್ಕೆ. ಹಾಗಾಗಿ ಉತ್ತರದ ಕೋರೊಗೊದ ಕಡೆಯ ರೈತರಿಗೆ ಕರಾವಳಿಯ ಅಬಿಜಾನ್‌ನವರಿಗಿಂತ ಗಡಿಯಾಚೆಯ ಮಾಲಿಯವರೇ ಹತ್ತಿರ. 2002ರಲ್ಲಿ ದೇಶ ಉತ್ತರ, ದಕ್ಷಿಣ ಅಂತ ಒಡೆದಾಗ ಬಂಡುಕೋರರ ಠಿಕಾಣಿ ಇದೇ ಬುವಾಕೆ ಆಗಿತ್ತು. ಈಗ ಅಲ್ಲಿ ರಾತ್ರಿ ಹತ್ತಕ್ಕೆ ಹೊರಗೆ ಕೂತು ಮೀನು ತಿನ್ನುತ್ತಾರೆ. 2011ರಿಂದ ಅಲಸಾನ್ ವತಾರಾ ಅವರೇ ಅಧ್ಯಕ್ಷರು. ಗಲಾಟೆ ಏನಿದ್ದರೂ ಜಾಸ್ತಿ ಅಧ್ಯಕ್ಷರ ಚುನಾವಣೆಯ ಸಮಯದಲ್ಲಿ, ಅದು ಐದು ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ. ಬೀಜದ ಸೀಸನ್‌ಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು. ರಾಜಧಾನಿ 1983ರಿಂದ ಯಾಮುಸುಕ್ರೊ. ಮೊದಲ ಅಧ್ಯಕ್ಷ ಹುಫುವೆ ಬುವಾನಿ ಅವರ ಹುಟ್ಟೂರು ಅಂತ ಮಾಡಿದ್ದು, ಗದ್ದೆಯ ನಡುವೆ ಎದ್ದ ಹಾಗೆ ಒಂದು ಭಾರೀ ಚರ್ಚ್ ಇದೆ. ಆದರೆ ಬಂದರು, ಬ್ಯಾಂಕು, ನಮ್ಮ ರಾಯಭಾರ ಕಚೇರಿ ಎಲ್ಲ ಇರುವುದು ಅಬಿಜಾನ್‌ನಲ್ಲಿ. ಕಾಗದದ ಕೆಲಸಕ್ಕೆ ಬುವಾಕೆಯಿಂದ ಸುಮಾರು 350 ಕಿಲೋಮೀಟರ್ ಅಲ್ಲಿಗೇ ಓಡಬೇಕು.

ಕೆಲಸ ನಿಮ್ಮ ತಮ್ಮನಿಗೆ ಗೊತ್ತಿರುವುದೇ. ಹಳ್ಳಿಹಳ್ಳಿ ತಿರುಗಿ ಬೀಜ ಒಟ್ಟು ಮಾಡುವ ದಲ್ಲಾಳಿಗೆ ಅಲ್ಲಿ ಪಿಸ್ತೂರ್ ಅಂತಾರೆ. ಬೆಳಗ್ಗೆ ಮೂರು ಚಕ್ರದ ಗಾಡಿಯಲ್ಲಿ ಮೂಟೆ ತಂದು ಗೋಡೌನ್ ಎದುರು ಇಳಿಸುತ್ತಾನೆ. ಹತ್ತಾರು ಮೂಟೆಯಿಂದ ಹಿಡಿಹಿಡಿ ತೆಗೆದು, ಬೆರೆಸಿ, ಒಂದು ಕೆಜಿ ತೂಗಬೇಕು. ಸುಮಾರು 200 ಬೀಜ. ಒಂದೊಂದನ್ನೂ ಕತ್ತರಿಸಿ ಒಳ್ಳೆಯದು, ಕಲೆಯದು, ಹಾಳು ಅಂತ ಬೇರೆ ಮಾಡಬೇಕು. ಹಾಳಾದ್ದಕ್ಕೆ ಸೊನ್ನೆ, ಕಲೆಯದಕ್ಕೆ ಅರ್ಧ ತೂಕ. ಒಟ್ಟು 268 ಗ್ರಾಂ ತಿರುಳು ಬಂತು ಅನ್ನಿ. 80 ಕೆಜಿ ಮೂಟೆಗೆ 21.44 ಕೆಜಿ, ಪೌಂಡ್ ಲೆಕ್ಕದಲ್ಲಿ 47 ಚಿಲ್ಲರೆ. ಇದೇ ಕೆಒಆರ್. ರೇಟ್ ನಿಲ್ಲುವುದು ಇದರ ಮೇಲೆ, ಜಗಳ ಹುಟ್ಟುವುದು ಕಲೆಯ ಬೀಜದ ಮೇಲೆ. ಒಮ್ಮೆ ಒಬ್ಬ ಅಜ್ಜ ನಾನು ಹಾಳು ಅಂತ ಪಕ್ಕಕ್ಕಿಟ್ಟ ತಿರುಳನ್ನು ಎತ್ತಿ ನನ್ನೆದುರೇ ಅಗಿದು ನುಂಗಿದ. "ಎಲ್ಲಿ ಹಾಳು?" ಅಂತ ಕೇಳಿದ. ಮರುದಿನ ಗೇರೆಣ್ಣೆಗೆ ತುಟಿ ಊದಿಸಿಕೊಂಡು ಬಂದ, ರೇಟ್ ಮಾತ್ರ ಬಿಡಲಿಲ್ಲ.

ಸರ್ಕಾರ ಸುಮ್ನೆ ಕೂತಿಲ್ಲ ಅನ್ನುವುದು ಗೊತ್ತಿರಲಿ. ಹತ್ತಿ ಮತ್ತು ಗೇರಿಗೆ ಅಂತಲೇ ಒಂದು ಮಂಡಳಿ ಇದೆ. ಪ್ರತಿ ವರ್ಷ ಸೀಸನ್‌ಗೆ ಮುಂಚೆ ರೈತನಿಗೆ ಕೊಡಬೇಕಾದ ಕನಿಷ್ಠ ಬೆಲೆ ಹೇಳುತ್ತದೆ. 2024ರಲ್ಲಿ ಕೆಜಿಗೆ 275 ಸೇಫಾ (ಅಲ್ಲಿನ ದುಡ್ಡು), 2025ರಲ್ಲಿ 425. ರಸ್ತೆ ಮೇಲೆ ಗಡಿ ದಾಟಿಸಿ ಬೀಜ ಸಾಗಿಸುವ ಹಾಗಿಲ್ಲ, ಹಡಗಿನಲ್ಲೇ ಹೋಗಬೇಕು. ಆದರೆ ಗಡಿಯಾಚೆ ರೇಟ್ ಜಾಸ್ತಿ ಇದ್ದ ವರ್ಷ ರಾತ್ರೋರಾತ್ರಿ ಲಾರಿಗಳು ಮಾಯ. ಯಾರಾದರೂ "ಸ್ವಲ್ಪ ಆಚೆಯಿಂದ ಲೋಡ್ ಮಾಡೋಣ" ಅಂದರೆ ತಮ್ಮ ಕೈ ಮುಗಿದು ಬರಲಿ.

ಲಾಗೋಸ್‌ನಲ್ಲಿ ಮೂರು ವರ್ಷ, ಹುಬ್ಬಳ್ಳಿ

ಸಂಬಳದ ಮಾತಿಗೆ ನಾನು ಹೇಳ್ತೀನಿ, ಯಾಕಂದ್ರೆ ಸುಟ್ಟುಕೊಂಡವನು ನಾನು. ನನ್ನ ಸಂಬಳ ಅರ್ಧ ಡಾಲರ್, ಅರ್ಧ ನೈರಾ ಅಂತ ಮಾತಾಗಿತ್ತು. 2023ರಲ್ಲಿ ನೈಜೀರಿಯಾದ ಹೊಸ ಸರ್ಕಾರ ಪೆಟ್ರೋಲ್ ಸಬ್ಸಿಡಿ ತೆಗೆಯಿತು, ಜೂನ್‌ನಲ್ಲಿ ಅಲ್ಲಿನ ದುಡ್ಡು ನೈರಾವನ್ನು ಡಾಲರಿಗೆ ಕಟ್ಟಿದ್ದ ಕಟ್ಟು ಬಿಚ್ಚಿತು. ಅಲ್ಲಿವರೆಗೆ ಡಾಲರಿಗೆ 460ರ ಆಸುಪಾಸು ಇದ್ದದ್ದು ಮರುವರ್ಷ 1500 ದಾಟಿತು. ಆ ಅರ್ಧ ಸಂಬಳ ಮನೆಗೆ ಕಳಿಸುವಾಗ ಮೂರನೇ ಒಂದು ಭಾಗವೂ ಉಳಿಯಲಿಲ್ಲ. ಕಂಪನಿ ಹೆಸರು ಬೇಡ ಬಿಡಿ, ಒಪ್ಪಂದ ಸರಿಯಾಗಿ ಓದದ್ದು ನನ್ನದೇ ತಪ್ಪು.

ನಿಮ್ಮ ತಮ್ಮನಿಗೆ ಈ ಕಾಟ ಕಡಿಮೆ. ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವ್, ಟೋಗೊ, ಸೆನೆಗಲ್, ಮೇಲಿನ ಆ ಮೂರು ದೇಶ, ಒಟ್ಟು ಎಂಟಕ್ಕೂ ಒಂದೇ ದುಡ್ಡು, ಸೇಫಾ ಫ್ರಾಂಕ್. ಒಂದು ಯೂರೋಗೆ 655.957, ಇದು ಏರುವುದಿಲ್ಲ, ಇಳಿಯುವುದಿಲ್ಲ. 10,000ದ ನೋಟು ಅಂದರೆ ಹದಿನೈದು ಯೂರೋ ಚಿಲ್ಲರೆ. 1994ರ ಜನವರಿಯಲ್ಲಿ ಒಂದೇ ದಿನ ಅದರ ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದರು, ಹಿರಿಯರು ಈಗಲೂ ಅದನ್ನು ಮರೆತಿಲ್ಲ. ಈ ಕಟ್ಟು ಫ್ರಾನ್ಸ್ ಕಾಲದ್ದು, ಇದು ಇರಬೇಕಾ ಬೇಡವಾ ಅಂತ ಅಲ್ಲಿ ದೊಡ್ಡ ಜಗಳವೇ ಇದೆ. ಅದು ಅವರ ವಿಷಯ. ಐದು ತಿಂಗಳಿಗೆ ಹೋಗುವವರಿಗೆ ಸೇಫಾ ಸಾಕು. ಘಾನಾಕ್ಕೆ ಕಳಿಸಿದರೆ ಮಾತ್ರ ಡಾಲರ್‌ನಲ್ಲೇ ಬರೆಸಿಕೊಳ್ಳಿ. 2022ರ ಕೊನೆಗೆ ಆ ದೇಶ ವಿದೇಶಿ ಸಾಲದ ಕಂತನ್ನೇ ನಿಲ್ಲಿಸಿಬಿಟ್ಟಿತ್ತು, ಅಲ್ಲಿನ ದುಡ್ಡು ಸೀಡಿಯನ್ನು ನಂಬಿ ಕೂರಬೇಡಿ.

ಬೆನಿನ್‌ನ ಪರಾಕು, ಎರಡು ಸೀಸನ್

"ಬೆನಿನ್‌ಗೂ ಕಳಿಸಬಹುದು" ಅಂದವರಿಗೆ ಒಂದು ಪ್ರಶ್ನೆ ಕೇಳಿ: ಅಲ್ಲಿಂದ ಏನು ತರಿಸುತ್ತೀರಿ? 2024ರ ಏಪ್ರಿಲ್‌ನಿಂದ ಬೆನಿನ್ ಹಸಿ ಗೇರುಬೀಜದ ರಫ್ತು ನಿಲ್ಲಿಸಿದೆ. ಗ್ಲೋ ಜಿಗ್ಬೆ ಅನ್ನುವ ಕೈಗಾರಿಕಾ ವಲಯದಲ್ಲಿ ಅಲ್ಲೇ ಸುಲಿದು ತಿರುಳು ಮಾರಬೇಕು ಅಂತ ಸರ್ಕಾರದ ಹಟ. ನನಗೆ ಅದು ನ್ಯಾಯ ಅಂತಲೇ ಅನಿಸುತ್ತದೆ. ಬೀಜ ಅವರದ್ದು, ಕೂಲಿ ನಮ್ಮ ಮಂಗಳೂರಿಗೂ ವಿಯೆಟ್ನಾಂಗೂ ಯಾಕೆ ಹೋಗಬೇಕು ಅಲ್ವಾ? ಫ್ಯಾಕ್ಟರಿ ಕೆಲಸವಾದರೆ ನಿಮ್ಮ ತಮ್ಮನಂಥವರಿಗೆ ಬೇಡಿಕೆ ಇದೆ. ಕೊಳ್ಳುವ ಕೆಲಸ ಅಂದರೆ ಅನುಮಾನ ಪಡಿ.

ಬಿಸಾವ್‌ಗೆ ಒಂದೇ ಸಲ ಹೋದವನು, ಕುಂದಾಪುರ

ಬೀಜ ಅಂದ್ರೆ ಅಲ್ಲಿಯದು ಮಾರಾಯ್ರೆ, ಕೆಒಆರ್ 50ರ ಮೇಲೆ. ದೇಶದ ರಫ್ತಿನಲ್ಲಿ 90%ರಷ್ಟು ಗೇರೇ, ಬೇರೆ ಕಸುಬೇ ಇಲ್ಲ ಅನ್ನಬಹುದು. ಅಲ್ಲಿ ಫ್ರೆಂಚ್ ನಡೆಯಲ್ಲ, ಪೋರ್ಚುಗೀಸ್ ಬೆರೆತ ಕ್ರಿಯೋಲ್. ಕರೆಂಟ್ ಬಂದಾಗ ಖುಷಿ ಪಡಬೇಕು. ಸೇನೆ ಅಲ್ಲಿ ಎಷ್ಟು ಸಲ ಸರ್ಕಾರ ಬದಲಿಸಿದೆ ಅಂದರೆ ಊರವರಿಗೆ ಅದೊಂದು ಮಳೆ ಬಂದ ಹಾಗೆ. ಮೊದಲ ವರ್ಷವೇ ಅಲ್ಲಿಗೆ ಬೇಡ.

ಬುವಾಕೆಯವನೇ ಮತ್ತೆ

ಮರೆತಿದ್ದೆ. ಹಳದಿ ಜ್ವರದ ಚುಚ್ಚುಮದ್ದು ಹೊರಡುವ 10 ದಿನ ಮುಂಚೆಯೇ ಆಗಬೇಕು, ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಮಾತ್ರ. ಒಂದೇ ಸಲ, ಜೀವನಪೂರ್ತಿ ಸಾಕು. ಆ ಕಾರ್ಡ್ ವಾಪಸ್ ಬರುವಾಗಲೂ ಕೈಯಲ್ಲಿರಲಿ, ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನ ಹಿಡಿದಿಡುತ್ತಾರೆ. ಊರಿಗೆ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತೇ "ಆಫ್ರಿಕಾದಿಂದ ಬಂದೆ" ಅಂತ ಹೇಳಲಿ. ಅಲ್ಲಿನ ಮಲೇರಿಯಾ ತಲೆಗೇರುವ ಜಾತಿಯದು. ನನ್ನ ಜೊತೆಗಾರ ಒಬ್ಬ ಫ್ಲೂ ಅಂತ ನಾಲ್ಕು ದಿನ ಕಳೆದು ಐಸಿಯು ನೋಡಿ ಬಂದ.

ಭಾಷೆಗೆ ಹೆದರಬೇಡಿ. ಫ್ರೆಂಚ್‌ನಲ್ಲಿ ಸಂಖ್ಯೆ ಮತ್ತು "ಬೋಂಜೂರ್" ಕಲಿತರೆ ಅರ್ಧ ಗೆದ್ದ ಹಾಗೆ. ಉತ್ತರದ ಕಡೆ ಬೆಳಗ್ಗೆ "ಇ ನಿ ಸೊಗೊಮಾ" ಅಂತ ಅಲ್ಲಿನ ಜೂಲಾ ಭಾಷೆಯಲ್ಲಿ ಹೇಳಿ ನೋಡಲಿ. ಮನೆ, ಮಕ್ಕಳು, ಆರೋಗ್ಯ ಎಲ್ಲ ವಿಚಾರಿಸದೆ ನೇರ ರೇಟ್ ಕೇಳಿದರೆ ಒರಟ ಅಂದುಕೊಳ್ಳುತ್ತಾರೆ. ನಮ್ಮ ಹಳ್ಳಿಯಲ್ಲೂ ಹಾಗೇ ತಾನೇ.

ಪುತ್ತೂರಿನಿಂದ

ಎಲ್ಲರಿಗೂ ತುಂಬಾ ಉಪಕಾರ. ಊರು ಯಾವುದು ಅಂತ ಕೇಳಿದೆವು, ಬುವಾಕೆಯೇ ಅಂತೆ. ಅಮ್ಮ ಈಗ ಊಟ ಮಾಡುತ್ತಿದ್ದಾರೆ. ಅವರದ್ದು ಒಂದೇ ಪ್ರಶ್ನೆ ಉಳಿದಿದೆ: ಕುಚ್ಚಲಕ್ಕಿ ಸಿಗುತ್ತದಾ?

ಪರಾಕುವಿನವರು

ಕೊಟೊನೂ ಬಂದರಿಗೆ ಕುಚ್ಚಲಕ್ಕಿ ಭಾರತದಿಂದಲೇ ಹಡಗುಗಟ್ಟಲೆ ಬರುತ್ತದೆ. ಆದರೆ ಬೆನಿನ್‌ನವರು ತಿನ್ನುವುದು ಬೆಳ್ತಿಗೆ. ಕುಚ್ಚಲು ಹೋಗುವುದೆಲ್ಲ ಕದ್ದುಮುಚ್ಚಿ ನೈಜೀರಿಯಾಕ್ಕೆ. ಇದೇ ಕಳ್ಳಸಾಗಣೆ ಸಿಟ್ಟಿಗೆ ನೈಜೀರಿಯಾ 2019ರ ಆಗಸ್ಟ್‌ನಿಂದ ಒಂದು ವರ್ಷಕ್ಕೂ ಜಾಸ್ತಿ ಗಡಿಯನ್ನೇ ಮುಚ್ಚಿತ್ತು.

ಬುವಾಕೆಯವನು

ಬುವಾಕೆಯಲ್ಲಿ ನಮ್ಮ ಕೆಂಪು ಕುಚ್ಚಲು ನಾನಂತೂ ನೋಡಿಲ್ಲ. ಬೆಳ್ತಿಗೆ ಬೇಕಾದಷ್ಟಿದೆ. ಮರಗೆಣಸಿನ ಅತ್ತಿಯೆಕೆ ನೋಡಲು ಉಪ್ಪಿಟ್ಟಿನ ಹಾಗೆ, ಸ್ವಲ್ಪ ಹುಳಿ, ವಾರದಲ್ಲಿ ಒಗ್ಗುತ್ತದೆ. ಹಣ್ಣುಬಾಳೆಯನ್ನು ಎಣ್ಣೆಯಲ್ಲಿ ಕರಿದ ಅಲೊಕೊ ಮೊದಲ ದಿನವೇ ಒಗ್ಗುತ್ತದೆ. ಅಮ್ಮನಿಗೆ ಹೇಳಿ, ಐದು ಕೆಜಿ ಅಕ್ಕಿ, ಮಿಡಿ ಉಪ್ಪಿನಕಾಯಿ ಹಾಕಿಕೊಡಲಿ. ಉಪ್ಪಿನಕಾಯಿ ಬಾಟಲಿಗೆ ಎರಡು ಪ್ಲಾಸ್ಟಿಕ್ ಸುತ್ತಿ, ನನ್ನದು ಆಡಿಸ್ ಅಬಾಬಾ ಮುಟ್ಟುವುದರೊಳಗೆ ಒಡೆದು ಶರ್ಟ್‌ಗೆಲ್ಲ ಎಣ್ಣೆಯಾಗಿತ್ತು.