ಸಹಾಯ ಬೇಕು: ರಾಜೇಶ್ವರಿ ಚಟರ್ಜಿ ಬಗ್ಗೆ ಕನ್ನಡದಲ್ಲಿ ಏನಾದ್ರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಮಕ್ಕಳು ಗೋಡೆ ಪತ್ರಿಕೆ ಮಾಡುತ್ತಿದ್ದಾರೆ. ಪ್ರತಿ ವರ್ಷ ಅದೇ ರಾಮನ್, ಅದೇ ವಿಶ್ವೇಶ್ವರಯ್ಯ. ಈ ಸಲ ರಾಜೇಶ್ವರಿ ಚಟರ್ಜಿಯವರನ್ನು ಹಾಕೋಣ ಅಂದೆ. "ಯಾರು ಮಿಸ್ ಅವರು?" ಅಂತ ಇಡೀ ಕ್ಲಾಸು ಕೇಳಿತು.

1922ರಲ್ಲಿ ಹುಟ್ಟಿದವರು, ನಮ್ಮ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತಲೇ ಹೇಳುತ್ತಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1947ರಲ್ಲಿ ಸ್ಕಾಲರ್‌ಶಿಪ್ ಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮಿಷಿಗನ್‌ನಲ್ಲಿ ಪಿಎಚ್.ಡಿ ಮುಗಿಸಿ 1953ರಲ್ಲಿ ವಾಪಸ್ ಬಂದು, ಅಲ್ಲಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಅಂದ್ರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ) ಪಾಠ ಶುರು ಮಾಡಿದರು. ಗಂಡ ಶಿಶಿರ್ ಕುಮಾರ್ ಚಟರ್ಜಿ ಕೂಡ ಅಲ್ಲೇ ಪ್ರೊಫೆಸರ್. ಇಬ್ಬರೂ ಸೇರಿ ಮೈಕ್ರೋವೇವ್ (ಒಂದು ಬಗೆಯ ರೇಡಿಯೋ ಅಲೆಗಳು), ಆಂಟೆನಾ ಸಂಶೋಧನೆ ಕಟ್ಟಿದರು. ಇಷ್ಟು ನನಗೆ ಗೊತ್ತು.

ತೊಂದರೆ ಏನಂದ್ರೆ, ಸಿಕ್ಕಿದ್ದೆಲ್ಲ ಇಂಗ್ಲಿಷ್. "ಮೈಕ್ರೋವೇವ್ ಅಂದ್ರೆ ಅಡುಗೆ ಒಲೆ ಅಲ್ವಾ ಮಿಸ್?" ಅಂತ ಒಬ್ಬಳು ಕೇಳಿದಳು. ರೇಡಾರ್, ವಿಮಾನ ಅಂತ ಏನೋ ಹೇಳಿದೆ, ನನಗೇ ಸಮಾಧಾನ ಆಗಲಿಲ್ಲ.

ಎಂಟನೇ ಕ್ಲಾಸಿನ ಮಕ್ಕಳಿಗೆ ಆಂಟೆನಾ ಕೆಲಸವನ್ನು ಸರಳವಾಗಿ ಹೇಳಿಕೊಡುವವರು ಇದ್ದರೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡ್ತೀರಾ? ಇಂಜಿನಿಯರ್ ಹೆಣ್ಣುಮಕ್ಕಳಾದರೆ ಇನ್ನೂ ಖುಷಿ. ಹಳೇ ಪತ್ರಿಕೆಗಳಲ್ಲಿ ಅವರ ಬಗ್ಗೆ ಕನ್ನಡ ಲೇಖನ ಓದಿದ ನೆನಪಿದ್ದರೂ ತಿಳಿಸಿ. ಅವರ ಹತ್ತಿರ ಓದಿದವರು ಗುಂಪಿನಲ್ಲಿದ್ದರಂತೂ ದಯವಿಟ್ಟು ಸುಮ್ನೆ ಕೂರಬೇಡಿ. ನನಗೆ ಮೆಸೇಜ್ ಮಾಡಿ.