ಗಾಂಜಾ ಸೇದಿದ್ದನ್ನು ಫೋನಿನಲ್ಲಿ ಬರೆದಿಡಬಹುದಾ?

ಮಾಗಡಿರೋಡ್:
ನನಗೆ ಎಚ್‌ಐವಿ ಇದೆ, ಆರು ವರ್ಷದಿಂದ ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ದಿನಕ್ಕೊಂದು, ರಾತ್ರಿ ಒಂಬತ್ತಕ್ಕೆ. ಗಾಂಜಾನೂ ಸೇದುತ್ತೇನೆ. ಹೋದ ಸಲ ಕೌನ್ಸೆಲರ್ ಮೇಡಂ ಡಬ್ಬಿ ಸುರಿದು ಎಣಿಸಿದರು, ನಾಲ್ಕು ಮಾತ್ರೆ ಜಾಸ್ತಿ ಉಳಿದಿತ್ತು. ವಾರಕ್ಕೆ ಎಷ್ಟು ಸಲ ಸೇದುತ್ತೀರಿ ಅಂದರು. ಎರಡು ಅಂದೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದರೆ ಐದು! ಸುಳ್ಳು ಹೇಳಬೇಕು ಅಂತಿರಲಿಲ್ಲ, ನೆನಪೇ ಇರಲಿಲ್ಲ. ಆ್ಯಪ್‌ನಲ್ಲಿ ಬರೆದಿಡೋಣ ಅಂದರೆ ಅಕ್ಕ ನನ್ನ ಫೋನ್ ನೋಡುತ್ತಾಳೆ, ಅವಳಿಗೆ ಎರಡೂ ವಿಷಯ ಗೊತ್ತಿಲ್ಲ.

ಹಳೇಪೇಷೆಂಟ್:
ತಿಂಗಳ ಹಿಂದಿನದು ಯಾರಿಗೂ ನೆನಪಿರಲ್ಲ, ಬೇಜಾರಾಗಬೇಡಿ. ಅದಕ್ಕೇ ಸಂಶೋಧನೆ ಮಾಡುವವರು ಫೋನಿಗೆ ದಿನಕ್ಕೆ ಒಂದೆರಡು ಸಲ ಪ್ರಶ್ನೆ ಕಳಿಸಿ, ಆಗಿಂದಾಗಲೇ ಉತ್ತರ ಕೇಳುತ್ತಾರೆ. ನೀವೂ ಹಾಗೇ ಮಾಡಿ, ಆದರೆ ಎಷ್ಟು ಸಲ ಅನ್ನೋದಷ್ಟೇ ಬರೆದರೆ ಏನೂ ತಿಳಿಯಲ್ಲ. ಎಷ್ಟು ಗಂಟೆಗೆ, ಯಾಕೆ ಸೇದಬೇಕು ಅನ್ನಿಸಿತು, ಮಾತ್ರೆ ಮೊದಲೇ ನುಂಗಿದ್ರಾ, ಇದನ್ನೂ ಬರೆಯಿರಿ. ನಾನು ಮೂರು ವಾರ ಬರೆದೆ. ಮಾತ್ರೆ ತಪ್ಪಿದ ದಿನವೆಲ್ಲ ಸಂಜೆ ಏಳೂವರೆಗೆ ಸೇದಿ ಹಾಗೇ ಮಲಗಿದ ದಿನವೇ. ಡಾಕ್ಟರಿಗೆ ತೋರಿಸಿದೆ, ಮಾತ್ರೆಯನ್ನು ಬೆಳಗಿನ ತಿಂಡಿ ಹೊತ್ತಿಗೆ ಬದಲಾಯಿಸಿದರು. ಆಮೇಲೆ ಒಂದೂ ತಪ್ಪಿಲ್ಲ. ಸೇದೋದು ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಹತೋಟಿಯಲ್ಲಿದೆ.

ಕಾನೂನುಓದುಗ:
ಹೆಸರು, ನಂಬರ್ ಕೇಳುವ ಆ್ಯಪ್ ಬೇಡವೇ ಬೇಡ. 1985ರ ಮಾದಕ ವಸ್ತು ಕಾಯ್ದೆಯಲ್ಲಿ (ಎನ್‌ಡಿಪಿಎಸ್) ಗಾಂಜಾ ಸೇದೋದೂ ಅಪರಾಧ. ಫೋನಿನ ನೋಟ್ಸ್‌ನಲ್ಲೇ ಗುರುತು ಹಾಕಿ, ಮಾತ್ರೆಗೆ ಚುಕ್ಕಿ, ಸೊಪ್ಪಿಗೆ ಗೆರೆ. ಅಲಾರಂಗೆ 'ಗಿಡಕ್ಕೆ ನೀರು' ಅಂತ ಹೆಸರಿಡಿ, ಲಾಕ್ ಆದ ಪರದೆ ಮೇಲೂ ಅದು ಕಾಣುತ್ತದೆ. ಮೇಡಂ ಹತ್ತಿರ ಮಾತ್ರ ನಿಜ ಹೇಳಿ. ನಿಮ್ಮ ಎಚ್‌ಐವಿ ಮಾಹಿತಿಯನ್ನು ಅವರು ಗುಟ್ಟಾಗಿಡಲೇಬೇಕು, 2017ರ ಎಚ್‌ಐವಿ ಕಾಯ್ದೆ ಹಾಗೆ ಹೇಳುತ್ತದೆ. ಬಿಡಬೇಕು ಅನ್ನಿಸಿದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಇದೆ.

ಯಶವಂತಪುರ_ಅಮ್ಮ:
ಕೆಮ್ಮು ಬಂದರೆ ಅದನ್ನೂ ಬರೆದುಕೊಳ್ಳಪ್ಪ. ಹೊಗೆಯಿಂದ ಬಂದಿದ್ದು ಅಂತ ಸುಮ್ನೆ ಕೂರಬೇಡ. ಎಚ್‌ಐವಿ ಇರುವ ನಮ್ಮಂಥವರು ಬೇರೆಯವರ ಹಾಗೆ ಎರಡು ವಾರ ಕಾಯಬಾರದು, ಆಗಲೇ ಟಿಬಿ ಪರೀಕ್ಷೆ ಕೇಳಬೇಕು. ನನ್ನ ಮಗ ತಡ ಮಾಡಿ ತುಂಬಾ ಒದ್ದಾಡಿದ.

ಮಾಗಡಿರೋಡ್:
ಥ್ಯಾಂಕ್ಸ್ ಅಮ್ಮ, ಎಲ್ಲರಿಗೂ. ನಿನ್ನೆಯಿಂದ ಶುರು ಮಾಡಿದೆ. 8:40ಕ್ಕೆ ಒಂದು ಗೆರೆ, ಕೆಲಸದ ಜಾಗದಲ್ಲಿ ಜಗಳ ಆಗಿತ್ತು. 9ಕ್ಕೆ ಚುಕ್ಕಿ. ಮುಂದಿನ ಸಲ ಮೇಡಂಗೆ ಫೋನನ್ನೇ ಕೊಟ್ಟುಬಿಡುತ್ತೇನೆ.